ಹ್ಯೂಗೀನಾ ಬ್ರೆಮ್ನರ್ ತಿದ್ದಿದ ಕ್ರಿಯಾಪದ

ವಿಕ್ ಬಂದರಿನ ಮೇಲಿನ ಬೀದಿ. ಮಹಡಿಯಲ್ಲಿ
ವಕೀಲ ಟಲಖ್‌ನ ಕೋಣೆ.
ಹೀಟರಿನ ಮೂರು ಕಂಬಿಗಳಲ್ಲಿ ಒಂದು ಮಾತ್ರ ಕೆಂಪಗಿದೆ.
ಹ್ಯೂಗೀನಾ ಕೋಟು ಬಿಚ್ಚಿಲ್ಲ.
ಕೋಟಿಗೆ ಹ್ಯಾಡಕ್ ಮೀನಿನ ವಾಸನೆ. ಅವಳಿಗದು ಗೊತ್ತು,
ಕುರ್ಚಿಯನ್ನು ಕಿಟಕಿಯತ್ತ ಎಳೆದುಕೊಂಡಿದ್ದಾಳೆ.

ಟಲಖ್ ಓದುತ್ತಾನೆ, ಮೂರನೆಯ ಕಂಡಿಕೆ:
ವಿಂಚಿನ ಬ್ರೇಕು ಸವೆದಿತ್ತೆಂದು
ಬಿಲೀವ್ಡ್ ಅಂಡ್ ಅವರ್ಡ್.

ತಡೆಯಿರಿ, ಅನ್ನುತ್ತಾಳೆ. ಕೊನೆಯದು ಏನದು?

ಅವರ್.
ನಮ್ಮ ಕಿವಿಗೆ ಬಿದ್ದರೆ ಯಾರೋ ಹಿರಿಯರನ್ನು
ಬಹುವಚನದಲ್ಲಿ ನೆನೆದ ಹಾಗೆ.
ಅಲ್ಲಿಯವರಿಗೆ ಒತ್ತು ಎರಡನೆಯ ಅಕ್ಷರದ ಮೇಲೆ,
ಮೊದಲನೆಯದು ಬರೀ ಉಸಿರು.
ಹೇಳುವುದು, ಅನ್ನುತ್ತಾನೆ ಟಲಖ್, ಆದರೆ ಸುಮ್ಮನೆ ಹೇಳುವುದಲ್ಲ,
ಇದು ನಿಜ ಎಂದು
ಕಡ್ಡಿ ಮುರಿದ ಹಾಗೆ ಹೇಳುವುದು.
ಲ್ಯಾಟಿನ್ನಿನ ಸತ್ಯ ಅದರ ಹೊಟ್ಟೆಯಲ್ಲೇ ಕೂತಿದೆ.

ಯಾರಾಡುತ್ತಾರೆ ಅದನ್ನು?
ನಾವು. ಕಾಗದದ ಮೇಲೆ.
ಸೂಪಿಗೆ ಉಪ್ಪು ಸಾಲದೆಂದು ಯಾರೂ ಅವರ್ ಮಾಡುವುದಿಲ್ಲ,
ಥರ್ಸೋ ಬಸ್ಸು ತಪ್ಪಿತೆಂದು,
ನಿನ್ನ ಬಿಟ್ಟಿರಲಾರೆನೆಂದು
ಯಾರೂ.

ಹಾಗಿದ್ದರೆ ಅದರ ಮುಂದೆ ‘ನಂಬಲಾಗಿದೆ’ ಯಾಕೆ?
ಎದೆ ತಟ್ಟಿ ಹೇಳುವವರು
ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆಯೆ?

ಕಣ್ಣಾರೆ ಕಾಣದ್ದನ್ನು ಹಾಗೇ ಬರೆಯಬೇಕು, ಮಿಸೆಸ್ ಬ್ರೆಮ್ನರ್.
ನೀವು ದೋಣಿಯಲ್ಲಿ ಇರಲಿಲ್ಲ.

ಇರಲಿಲ್ಲ.
ಟಿವಿ ಹಾಕಿಕೊಂಡೇ ನಿದ್ದೆಹೋಗಿದ್ದಳು ಅವಳು
ಆ ಹೊತ್ತಿಗೆ.

ನನ್ನಜ್ಜನ ಹತ್ತಿರ ಒಂದು ಇತ್ತು, ಅನ್ನುತ್ತಾಳೆ ಸ್ವಲ್ಪ ಬಿಟ್ಟು.
ಏವರ್ ಅನ್ನುತ್ತಿದ್ದ ಅವನು. ಮುದಿ ಬಂಡಿಕುದುರೆ,
ಎಡಗಣ್ಣು ಹೋದದ್ದು.
ಹೆರಿಂಗ್ ಪೀಪಾಯಿ ಹೇರಿದರೆ ದಿಬ್ಬದ ತನಕ ಎಳೆಯುತ್ತಿತ್ತು.
ಕೆನೆದದ್ದು ನಾನು ಕೇಳಿಲ್ಲ.

ಅದು ಬೇರೆ ಪದ, ಅನ್ನುತ್ತಾನೆ ಟಲಖ್. ಇದಕ್ಕೂ ಅದಕ್ಕೂ
ನಂಟಿಲ್ಲ.
ಇರಲಿಕ್ಕಿಲ್ಲ. ಆದರೆ ಅದನ್ನು ನಾನು ನೋಡಿದ್ದೇನೆ.
ಅದಕ್ಕೆ ನಂಬಿಕೆ ಬೇಕಿಲ್ಲ.

ಹಾಳೆಯ ಎಡಕ್ಕೆ ಇವಳ ಮಾತು, ಬಲಕ್ಕೆ
ದೋಣಿಯ ಮಾಲೀಕರ ಉತ್ತರ, ಅಬರ್ಡೀನಿನಿಂದ ಬಂದದ್ದು.
ಮೃತನಿಗೆ ನಲವತ್ತೊಂಬತ್ತು ವರ್ಷ:
ಗೊತ್ತಿಲ್ಲ, ಒಪ್ಪಿಯೂ ಇಲ್ಲ.
ಮೃತನು ವಿವಾಹಿತ:
ಗೊತ್ತಿಲ್ಲ, ಒಪ್ಪಿಯೂ ಇಲ್ಲ.
ಹ್ಯೂಗೀನಾ ನಗುತ್ತಾಳೆ, ಆ ಕೋಣೆಯಲ್ಲಿ ಮೊದಲ ಸಲ.
ಮದುವೆಗೆ ಬಂದಿದ್ದ ಅವನು, ಆ ಮಾಲೀಕ.
ಮೂರು ಸಲ ಕೇಕು ತಿಂದ.

ನಾಲ್ಕನೆಯ ಕಂಡಿಕೆಗೆ ಟಲಖ್ ದನಿ ಏರಿಸುತ್ತಾನೆ,
ತನ್ನ ಬರವಣಿಗೆ ತನಗೇ ಹಿಡಿಸಿದವನಂತೆ:
ಹಿಂದಿನ ಮಂಗಳವಾರ ಬ್ರೇಕು ಜಾರುತ್ತಿರುವುದಾಗಿ
ಮೃತನು ಪತ್ನಿಯ ಬಳಿ ಅವರ್ ಮಾಡಿದ್ದನು.

ಪೆನ್ನು ಕೊಡಿ.
ಮೀನು ಸೀಳಿ ಸೀಳಿ ಗಾಯವಾದ ಬೆರಳಿಗೆ ಬಟ್ಟೆ ಸುತ್ತಿದೆ,
ಪೆನ್ನು ನೆಟ್ಟಗೆ ನಿಲ್ಲುವುದಿಲ್ಲ.
ಆದರೂ ಗೀಟು ನೇರ ಬೀಳುತ್ತದೆ, ಪದದ ನಡುವಿನಲ್ಲಿ.

ಅವರ್ ಅಲ್ಲ. ಅಂದ.
ಒಂದು ಬೂಟು ಕಳಚಿತ್ತು, ಇನ್ನೊಂದು ಕಾಲಲ್ಲೇ ಇತ್ತು.
ಬ್ರೇಕು ಜಾರುತ್ತೆ ಕಣೇ, ಅಂದ.
ಅದು ಅವನು ಎದೆ ತಟ್ಟಿ ಹೇಳಿದ್ದಲ್ಲ.
ಬಾಗಿ ಲೇಸು ಬಿಚ್ಚುತ್ತಿದ್ದವನು ನೆಲಕ್ಕೆ ಹೇಳಿದ್ದು.
ಆಮೇಲೆ ಟೀಗೆ ಸಕ್ಕರೆ ಕೇಳಿದ.

ಟಲಖ್ ಕನ್ನಡಕ ತೆಗೆದು ಮೂಗು ಒತ್ತಿಕೊಳ್ಳುತ್ತಾನೆ.
‘ಅಂದ’ ಬಲಹೀನ, ಮಿಸೆಸ್ ಬ್ರೆಮ್ನರ್.
ಶೆರಿಫ್ ಕೋರ್ಟಿನಲ್ಲಿ ಅದಕ್ಕೆ ತೂಕ ಸಾಲದು.

ಅವಳು ಎದ್ದಾಗಿದೆ. ಕುರ್ಚಿಯನ್ನು
ಮೊದಲಿದ್ದ ಜಾಗಕ್ಕೆ ತಳ್ಳುತ್ತಾಳೆ, ಕಾಲು ಕಿರುಗುಡದ ಹಾಗೆ ಎತ್ತಿ.
ಬಾಗಿಲಲ್ಲಿ ತಿರುಗಿ,
ಸಕ್ಕರೆಯನ್ನೂ ಬರೆದುಕೊಳ್ಳಿ, ಅನ್ನುತ್ತಾಳೆ.
ಎರಡು ಚಮಚ.